ಪಿಸಿಓಎಸ್: ಸ್ಕ್ಯಾನಿಂಗ್ ರಿಪೋರ್ಟ್‌ನಿಂದ ಶುರುಮಾಡಬೇಡಿ

ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನು ಏರುಪೇರಿನ ತೊಂದರೆ) ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅಂಡಾಶಯದ ‘ನೀರುಗುಳ್ಳೆ’ಗಳು ನಿಜವಾದ ಸಿಸ್ಟ್‌ಗಳಲ್ಲ, ಬೆಳವಣಿಗೆ ಅರ್ಧಕ್ಕೇ ನಿಂತ 2ರಿಂದ 9 ಮಿ.ಮೀ. ಫಾಲಿಕಲ್‌ಗಳು (ಅಂಡಾಣು ಬೆಳೆಯುವ ಪುಟ್ಟ ಚೀಲಗಳು). ಅವನ್ನು ‘ಕರಗಿಸುವ’ ಮಾತಿಗೆ ಅರ್ಥವಿಲ್ಲ.

ರೋಗ ಗುರುತಿಸಲು ಬಳಸುವ ರಾಟರ್‌ಡ್ಯಾಮ್ ಮಾನದಂಡ (2003) ಕೇಳುವುದು ಮೂರರಲ್ಲಿ ಎರಡನ್ನು: ಮುಟ್ಟಿನ ಏರುಪೇರು, ಆಂಡ್ರೊಜೆನ್ ಎಂಬ ಗಂಡು ಹಾರ್ಮೋನಿನ ಹೆಚ್ಚಳ (ಗಲ್ಲ, ಎದೆಯ ಮೇಲೆ ಒರಟು ಕೂದಲು, ಅಥವಾ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಏರಿಕೆ), ಸ್ಕ್ಯಾನಿಂಗ್‌ನಲ್ಲಿ ಒಂದು ಅಂಡಾಶಯದಲ್ಲಾದರೂ 20 ಅಥವಾ ಹೆಚ್ಚು ಫಾಲಿಕಲ್, ಇಲ್ಲವೇ 10 ಮಿ.ಲೀ. ಅಥವಾ ಹೆಚ್ಚಿನ ಗಾತ್ರ. (20ರ ಎಣಿಕೆ ಈಚಿನದು, ಮೊದಲು 12 ಇತ್ತು.) 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಂತೆ ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ (ಫಾಲಿಕಲ್‌ಗಳು ಸ್ರವಿಸುವ ಹಾರ್ಮೋನು) ರಕ್ತಪರೀಕ್ಷೆಯೂ ನಡೆಯುತ್ತದೆ. ಮೂರರಲ್ಲಿ ಮೊದಲೆರಡು ಇದ್ದರೆ ಸ್ಕ್ಯಾನಿಂಗ್, ಎಎಂಎಚ್ ಎರಡೂ ಬೇಡ.

ಹದಿಹರೆಯದಲ್ಲಿ ಲೆಕ್ಕವೇ ಬೇರೆ. ಮೊದಲೆರಡೂ ಇರಲೇಬೇಕು, ಮೈನೆರೆದ 8 ವರ್ಷದೊಳಗೆ ಸ್ಕ್ಯಾನಿಂಗ್ ನೆಚ್ಚಬಾರದು, ಆರೋಗ್ಯವಂತ ಹುಡುಗಿಯ ಅಂಡಾಶಯವೂ ಆಗ ಹಾಗೆಯೇ ಕಾಣುತ್ತದೆ. ಏರುಪೇರು ಅಂದರೆ, ಮೈನೆರೆದು 3 ವರ್ಷದ ನಂತರ 21 ದಿನದೊಳಗೆ ಅಥವಾ 35 ದಿನ ದಾಟಿ ಮುಟ್ಟಾಗುವುದು. 1ರಿಂದ 3 ವರ್ಷದ ನಡುವೆ 45 ದಿನದವರೆಗೆ ಸಹಜ.

ಬೇರೆ ಕಾರಣಗಳನ್ನು ತಳ್ಳಿಹಾಕದೆ ಈ ಹೆಸರಿಡುವಂತಿಲ್ಲ. ಮೊದಲು ಗರ್ಭಪರೀಕ್ಷೆ (ಮರೆಯುವುದು ಇದನ್ನೇ), ಆಮೇಲೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ (ಹಾಲೂಡಿಸುವ ಹಾರ್ಮೋನು), ಬೆಳಗಿನ 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್ (ಅಡ್ರಿನಲ್ ಗ್ರಂಥಿಯ ತೊಂದರೆ ತಿಳಿಯಲು). ಕೆಲವೇ ತಿಂಗಳಲ್ಲಿ ದನಿ ಗಡುಸಾದರೆ ಗೆಡ್ಡೆ ಹುಡುಕಿ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರ ಟೆಸ್ಟೊಸ್ಟೆರಾನ್ ಫಲಿತಾಂಶ ನಂಬಬೇಡಿ. ಮಾತ್ರೆಯೇ ಅದನ್ನು ತಗ್ಗಿಸಿರುತ್ತದೆ. ಕನಿಷ್ಠ 3 ತಿಂಗಳು ಬಿಡಿಸಿ, ಬೇರೆ ನಿರೋಧಕ ಕೊಟ್ಟು, ಆಮೇಲೆ ಅಳೆಯಿರಿ.

ಪಿಸಿಓಎಸ್ ಜೊತೆ ಸಕ್ಕರೆ ಕಾಯಿಲೆಯ ಅಪಾಯವೂ ಇದೆ, ಹಾಗಾಗಿ ತೆಳ್ಳಗಿದ್ದವರಿಗೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಅಳೆಯುವ ಪರೀಕ್ಷೆ ಮಾಡಿಸಿ. ಖಾಲಿಹೊಟ್ಟೆ ಸಕ್ಕರೆಯೊಂದನ್ನೇ ನೋಡಿದರೆ ಎಷ್ಟೋ ಮಂದಿ ತಪ್ಪಿಸಿಕೊಳ್ಳುತ್ತಾರೆ.

ಚಿಕಿತ್ಸೆ ಆಕೆಗೆ ಈಗ ಏನು ಬೇಕು ಎಂಬುದರ ಮೇಲೆ ನಿಂತಿದೆ. ಮಗು ಬೇಕಿದ್ದರೆ ಅಂಡೋತ್ಪತ್ತಿ ಮಾಡಿಸುವ ಲೆಟ್ರೊಜೋಲ್ ಮಾತ್ರೆ ಮೊದಲ ಆಯ್ಕೆ: ದಿನಕ್ಕೆ 2.5 ಮಿ.ಗ್ರಾಂ, ಮುಟ್ಟಿನ 3ನೇ ದಿನದಿಂದ 5 ದಿನ. ಅಂಡೋತ್ಪತ್ತಿ ಆಗದಿದ್ದರೆ ಮುಂದಿನ ಸುತ್ತಿಗೆ 5, ಆಮೇಲೆ 7.5. ಸದ್ಯಕ್ಕೆ ಮಗು ಬೇಡ, ಮುಟ್ಟು, ಮೊಡವೆ, ಕೂದಲಿನ ಕಾಟ ಅಂದರೆ ಸಂಯುಕ್ತ (ಎರಡು ಹಾರ್ಮೋನುಗಳಿರುವ) ಗರ್ಭನಿರೋಧಕ ಮಾತ್ರೆ; ಅದಕ್ಕೂ ಮುನ್ನ ಬಿಪಿ, ಔರಾ ಇರುವ ಅರೆತಲೆನೋವು (ಕಣ್ಣಮುಂದೆ ಮಿಂಚು ಕಂಡು ಬರುವ ಮೈಗ್ರೇನ್), ರಕ್ತ ಹೆಪ್ಪುಗಟ್ಟಿದ ಇತಿಹಾಸ ವಿಚಾರಿಸಿ. ಕೂದಲಿಗೆ ಕನಿಷ್ಠ 6 ತಿಂಗಳು ಕಾಯಬೇಕೆಂದು ಮೊದಲೇ ಹೇಳದಿದ್ದರೆ ಎರಡನೇ ತಿಂಗಳಿಗೇ ಮಾತ್ರೆ ಬಿಟ್ಟುಬಿಡುತ್ತಾರೆ. ಮೆಟ್‌ಫಾರ್ಮಿನ್ ಮಾತ್ರೆ ಸಕ್ಕರೆ, ಇನ್ಸುಲಿನ್ ತೊಂದರೆಗೆ; 500 ಮಿ.ಗ್ರಾಂನಿಂದ ಶುರುಮಾಡಿ, ಊಟದ ಜೊತೆ, ವಾರ ಎರಡು ವಾರಕ್ಕೊಮ್ಮೆ ಏರಿಸಿ. ಒಮ್ಮೆಗೇ ಏರಿಸಿದರೆ ಭೇದಿ ಹಿಡಿಯುತ್ತದೆ.

ಯಾವುದೂ ಬೇಡವೆಂದರೂ 90 ದಿನ ಮುಟ್ಟಿಲ್ಲದೆ ಬಿಡಬೇಡಿ. ಪ್ರೊಜೆಸ್ಟೆರಾನ್ ತಡೆಯಿಲ್ಲದೆ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತಲೇ ಇರುತ್ತದೆ, ಕ್ಯಾನ್ಸರ್ ಅಪಾಯ ಏರುವುದು ಅಲ್ಲಿಂದಲೇ.