ಗಂಜಿ ಬಿಟ್ಟರೆ ಗಡ್ಡೆ ಸೊರಗುತ್ತದಾ?

ಪ್ರಶ್ನೆ: ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಕಿಮೋ ಜೊತೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧಿಯನ್ನೂ ಡ್ರಿಪ್‌ನಲ್ಲಿ ಕೊಡುತ್ತಿದ್ದಾರೆ. ರಕ್ತನಾಳದ ಕೋಶಗಳು ಸಕ್ಕರೆಯಿಂದಲೇ ಬದುಕುತ್ತವೆ ಅಂತ ಓದಿದೆ. ಗಂಜಿ, ಸಿಹಿ ಎಲ್ಲ ನಿಲ್ಲಿಸಿದರೆ ಗಡ್ಡೆಗೆ ರಕ್ತ ಹೋಗುವುದೂ ನಿಲ್ಲುತ್ತದಾ?
(ಮಲ್ಪೆಯ ಓದುಗರು)

ಇಲ್ಲ. ದಯವಿಟ್ಟು ಗಂಜಿ ನಿಲ್ಲಿಸಬೇಡಿ. ಮಣಿಪಾಲಕ್ಕೋ ದೇರಳಕಟ್ಟೆಗೋ ಚಿಕಿತ್ಸೆಗೆ ಹೋಗಿಬರುವ ಮನೆಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನೀವು ಓದಿದ್ದು ಸರಿ, ಅದನ್ನು ಊಟಕ್ಕೆ ಗಂಟು ಹಾಕಿದ್ದು ಮಾತ್ರ ತಪ್ಪು.

ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳ ಬೇಕು. 1971ರಲ್ಲಿ ಅಮೆರಿಕದ ಸರ್ಜನ್ ಜುಡಾ ಫೋಕ್‌ಮನ್ ಇದನ್ನು ಹೇಳಿದಾಗ ನಂಬಿದವರು ಕಡಿಮೆ. ಗಡ್ಡೆ ಬಿಡುವ ವಿಇಜಿಎಫ್ ಎಂಬ ಪ್ರೋಟೀನ್‌ನಿಂದ ಅಕ್ಕಪಕ್ಕದ ನಾಳಗಳು ಕವಲೊಡೆಯುತ್ತವೆ. ಆ ಪ್ರೋಟೀನನ್ನು ಹಿಡಿದುಹಾಕುವ ಬೆವಾಸಿಜುಮ್ಯಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ಗೆ. ಅಮ್ಮನಿಗೆ ಕೊಡುತ್ತಿರುವುದು ಬಹುಶಃ ಇದೇ. ಇದರಿಂದ ಅನುಕೂಲ ಇದೆ, ಆದರೆ ಎಷ್ಟೋ ಸಲ ಗಡ್ಡೆ ಬೇರೆ ಪ್ರೋಟೀನ್‌ಗಳ ಮೂಲಕ ದಾರಿ ಮಾಡಿಕೊಂಡುಬಿಡುತ್ತದೆ.

ಅದಕ್ಕೇ ಕೆಲವು ವಿಜ್ಞಾನಿಗಳು ನಾಳದ ಒಳಪದರದ ಕೋಶಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಅಂತ ಹುಡುಕಲು ಹೊರಟರು. ಬೆಲ್ಜಿಯಂನ ಲ್ಯುವೆನ್‌ನಲ್ಲಿರುವ ಪೀಟರ್ ಕಾರ್ಮೆಲಿಯೆಟ್ ಅವರ ತಂಡ 2013ರಲ್ಲಿ ಉತ್ತರ ಕೊಟ್ಟಿತು. ಈ ಕೋಶಗಳು ಶೇ. 85ರವರೆಗಿನ ಶಕ್ತಿಯನ್ನು ಗ್ಲೂಕೋಸ್ ಒಡೆದೇ ಪಡೆಯುತ್ತವೆ, ಆಮ್ಲಜನಕ ಬಳಸದೆ! ಆಮ್ಲಜನಕ ತುಂಬಿದ ರಕ್ತ ಮೈಗೆ ತಾಗಿಕೊಂಡೇ ಹರಿಯುತ್ತಿದ್ದರೂ ಹೀಗೆ. ಯಾಕೆ? ಹೊಸ ನಾಳ ಹೊರಡುವುದೇ ಆಮ್ಲಜನಕ ಕಡಿಮೆ ಇರುವ ಜಾಗಕ್ಕೆ ಅಲ್ವಾ? ಮುಂದಾಳು ಕೋಶ ಸಣ್ಣ ಸಣ್ಣ ಬೆರಳು ಚಾಚಿ ದಾರಿ ತಡವುತ್ತಾ ಹೋಗುತ್ತದೆ. ಕೋಶದ ಶಕ್ತಿಕೇಂದ್ರ ಮೈಟೊಕಾಂಡ್ರಿಯಾ ಹಿಡಿಸದಷ್ಟು ತೆಳು ಬೆರಳುಗಳು ಅವು. ಅಲ್ಲಿ ಗ್ಲೂಕೋಸ್ ಒಡೆಯುವ ಕಿಣ್ವಗಳೇ ಸೇರಿಕೊಂಡು ನಿಂತಲ್ಲೇ ಶಕ್ತಿ ಒದಗಿಸುತ್ತವೆ. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಗ್ಲೂಕೋಸ್ ಒಡೆಯುವ ವೇಗ ಹೆಚ್ಚಿಸುವ ಒಂದು ಕಿಣ್ವ ಪಿಎಫ್‌ಕೆಎಫ್‌ಬಿ3. ಅದನ್ನು ತಗ್ಗಿಸಿದರೆ ನಾಳ ಕವಲೊಡೆಯುವುದೂ ತಗ್ಗುತ್ತದೆ. 2016ರಲ್ಲಿ ಅದೇ ತಂಡ ಇಲಿಗಳಲ್ಲಿ ಇದನ್ನು ಮಾಡಿ ನೋಡಿತು. ಗಡ್ಡೆ ಚಿಕ್ಕದಾಗಲಿಲ್ಲ. ಆದರೆ ಅದರ ನಾಳಗಳು ರಿಪೇರಿಯಾದವು, ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡುವುದು ಕಡಿಮೆಯಾಯಿತು, ಕಿಮೋ ಚೆನ್ನಾಗಿ ಕೆಲಸ ಮಾಡಿತು. ಗಡ್ಡೆಯ ನಾಳಗಳು ಸೊಟ್ಟಪಟ್ಟ, ಸೋರುವಂಥವು. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ಬರುವ ನೀರಿನ ಪೈಪು ದಾರಿಯುದ್ದಕ್ಕೂ ಸೋರಿದರೆ ಗುಡ್ಡದ ಮೇಲಿನ ಮನೆಗೆ ನೀರು ಏರುತ್ತದಾ? ಹಾಗೇ ಔಷಧಿಯೂ ಗಡ್ಡೆಯ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಸೋರುವ ಸಂದಿಯಿಂದಲೇ ಕ್ಯಾನ್ಸರ್ ಕೋಶಗಳು ರಕ್ತಕ್ಕೆ ನುಗ್ಗುತ್ತವೆ. ಹಾಗಾಗಿ ನಾಳ ಕಡಿದುಹಾಕುವುದಕ್ಕಿಂತ ಸರಿಪಡಿಸುವುದೇ ಒಳ್ಳೆಯದು ಅನ್ನುವ ವಾದ ನನಗೆ ಒಪ್ಪಿಗೆಯಾಗುತ್ತದೆ. ಅದಕ್ಕೂ ಅಳತೆ ಬೇಕು. ಆ ಕಿಣ್ವವನ್ನು ತಡೆಯುವ ಔಷಧಿಯ ಡೋಸ್ ಜಾಸ್ತಿ ಮಾಡಿದಾಗ ಇಲಿಗಳಲ್ಲಿ ನಾಳಗಳೇ ಹಾಳಾಗಿ ಕ್ಯಾನ್ಸರ್ ಇನ್ನಷ್ಟು ಹರಡಿತು ಎಂದು 2017ರಲ್ಲಿ ವರದಿಯಾಯಿತು. ಇದೆಲ್ಲ ಪ್ರಯೋಗಾಲಯದ ಮಾತು, ನಿಮ್ಮ ವಾರ್ಡಿಗೆ ಬಂದ ಚಿಕಿತ್ಸೆಯಲ್ಲ.

ಇನ್ನು ಊಟ. ಅಮ್ಮ ಏನೂ ತಿನ್ನದಿದ್ದರೂ ಲಿವರ್ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದಕ್ಕಾಗಿ ದೇಹ ಸ್ನಾಯುವಿನ ಪ್ರೋಟೀನನ್ನೂ ಕರಗಿಸುತ್ತದೆ. ಗಡ್ಡೆಗೆ ಬೇಕಾದ್ದು ಸಿಗುತ್ತದೆ, ಸೊರಗುವವರು ಅಮ್ಮ. ತೂಕ ಇಳಿದರೆ ಕಿಮೋ ತಡೆದುಕೊಳ್ಳುವುದು ಕಷ್ಟ. ಡಯಾಬಿಟಿಸ್ ಇದ್ದರೆ ಪಥ್ಯ ಬೇರೆ, ಅದನ್ನು ಡಾಕ್ಟರನ್ನೇ ಕೇಳಿ. ಇಲ್ಲದಿದ್ದರೆ ಕುಚ್ಚಲಕ್ಕಿ ಗಂಜಿ ಕೊಡಿ, ಜೊತೆಗೆ ಚೆನ್ನಾಗಿ ಬೇಯಿಸಿದ ಮೀನೋ ಮೊಟ್ಟೆಯೋ ಹೆಸರುಕಾಳೋ ಇರಲಿ. ಬರೀ ಉಪ್ಪಿನಕಾಯಿ ಸಾಲದು.

ನಿಜವಾಗಿ ಗಮನ ಇಡಬೇಕಾದ್ದು ಔಷಧಿಯ ಮೇಲೆ. ಬೆವಾಸಿಜುಮ್ಯಾಬ್‌ನಿಂದ ಬಿಪಿ ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು. ಆಗಾಗ ಬಿಪಿ ನೋಡುವುದು, ಮೂತ್ರ ಪರೀಕ್ಷೆ ಮಾಡಿಸುವುದು ಅದಕ್ಕೇ. ಗಾಯ ಮಾಯುವುದೂ ತಡ, ಮಾಯಬೇಕಾದರೂ ಹೊಸ ನಾಳ ಬೇಕಲ್ಲ. ಹಲ್ಲು ಕೀಳಿಸುವುದಿದ್ದರೂ ಮೊದಲು ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಕನಿಷ್ಠ 28 ದಿನ ಮುಂಚೆ ಔಷಧಿ ನಿಲ್ಲಿಸುವುದು ಪದ್ಧತಿ. ತಡೆಯಲಾರದ ಹೊಟ್ಟೆನೋವು, ರಕ್ತಸ್ರಾವ, ಎದೆನೋವು ಕಂಡರೆ ಮುಂದಿನ ಡ್ರಿಪ್‌ವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.