ಸೋರಿಕೆಗೆ ಮಾಡುವ ಆಪರೇಷನ್ ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ನನಗೆ 51 ವರ್ಷ. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಕೆಮ್ಮಿದರೆ, ಜೋರಾಗಿ ನಕ್ಕರೆ, ಬಿಎಂಟಿಸಿ ಬಸ್ಸು ಹಂಪ್ ಮೇಲೆ ಎಗರಿದರೆ ಮೂತ್ರ ಸೋರುತ್ತದೆ. ಡಾಕ್ಟರು ಟೇಪ್ ಹಾಕುವ ಆಪರೇಷನ್ ಮಾಡಿಸಿಕೊಳ್ಳಿ ಅಂತಾರೆ. ನಮ್ಮ ಅತ್ತಿಗೆ, ‘ಐದು ವರ್ಷಕ್ಕೆ ಮತ್ತೆ ಶುರುವಾಗುತ್ತೆ, ಸುಮ್ನಿರು’ ಅಂತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಅತ್ತಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಸುಮ್ಮನಿರಲು ಅದು ಸಾಕಾಗುವ ಕಾರಣವೂ ಅಲ್ಲ.

ಮೆತ್ತನೆಯ ಮಣ್ಣಿನ ಮೇಲೆ ಬಿದ್ದಿರುವ ಪೈಪನ್ನು ತುಳಿದರೆ ಅದು ಮಣ್ಣಿಗೆ ಹೂತುಕೊಳ್ಳುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಗಟ್ಟಿ ನೆಲದ ಮೇಲೆ ತುಳಿದರೆ ನೀರು ನಿಲ್ಲುತ್ತದೆ. ಹೆರಿಗೆ, ವಯಸ್ಸು, ತೂಕ ಎಲ್ಲ ಸೇರಿ ಮೂತ್ರನಾಳದ ಕೆಳಗಿನ ಆಧಾರ ಸಡಿಲವಾದಾಗ ಕೆಮ್ಮಿನ ಒತ್ತಡಕ್ಕೆ ನಾಳ ಮುಚ್ಚಿಕೊಳ್ಳುವುದಿಲ್ಲ. ಮೂತ್ರನಾಳದ ಕೆಳಗೆ ಹಾಕುವ ಸಣ್ಣ ಪಟ್ಟಿಯೇ ಟೇಪ್. ಅದು ಆ ಗಟ್ಟಿ ನೆಲವನ್ನು ಒದಗಿಸುತ್ತದೆ, ಅಷ್ಟೇ. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ 1990ರ ದಶಕದಲ್ಲಿ ಈ ವಿಧಾನ ತಂದರು. ಅದಕ್ಕೂ ಮೊದಲು ಯೋನಿಯ ಗೋಡೆಯನ್ನು ಮೇಲಕ್ಕೆ ಹೊಲಿದು ನಿಲ್ಲಿಸುವ ಬರ್ಚ್ ಆಪರೇಷನ್ನೂ, ರೋಗಿಯದೇ ಹೊಟ್ಟೆಯ ಗಟ್ಟಿ ಪೊರೆಯಿಂದ ಪಟ್ಟಿ ಮಾಡಿ ಹಾಕುವ ಸ್ಲಿಂಗೂ ಇದ್ದವು, ಈಗಲೂ ಇವೆ.

ಬಾಳಿಕೆಯ ವಿಷಯಕ್ಕೆ ಬಂದರೆ ಎರಡು ಅಧ್ಯಯನ ನೋಡಿ. ಯುರೋಪಿನ ಉತ್ತರ ದೇಶಗಳಲ್ಲಿ ಟೇಪ್ ಹಾಕಿಸಿಕೊಂಡ 90 ಮಹಿಳೆಯರನ್ನು 17 ವರ್ಷದ ನಂತರ ವಿಚಾರಿಸಿದರು. ಸಿಕ್ಕವರಲ್ಲಿ ಶೇ 87ರಷ್ಟು ಮಂದಿ ವಾಸಿಯಾಗಿದೆ ಅಥವಾ ತುಂಬಾ ಸುಧಾರಿಸಿದೆ ಎಂದರು. ಇನ್ನೊಂದು ಅಮೆರಿಕದ್ದು, 655 ಮಹಿಳೆಯರಲ್ಲಿ ಬರ್ಚ್ ಮತ್ತು ಸ್ವಂತ ಪೊರೆಯ ಸ್ಲಿಂಗ್ ಹೋಲಿಸಿದ್ದು. ಐದು ವರ್ಷಕ್ಕೆ ಸೋರಿಕೆಯೇ ಇಲ್ಲದವರು ಸ್ಲಿಂಗ್‌ನಲ್ಲಿ ಶೇ 31, ಬರ್ಚ್‌ನಲ್ಲಿ ಶೇ 24. ಗಾಬರಿಯಾಯಿತೇ? ಅದೇ ಮಹಿಳೆಯರಲ್ಲಿ ತೃಪ್ತರಾದವರು ಶೇ 83 ಮತ್ತು ಶೇ 73!

ಆಪರೇಷನ್‌ಗಳು ಬೇರೆ ಬೇರೆ ಎನ್ನುವುದು ಒಂದು ಮಾತು. ಆದರೆ ಶೇ 87 ಎಲ್ಲಿ, ಶೇ 31 ಎಲ್ಲಿ, ಇಷ್ಟು ದೊಡ್ಡ ಅಂತರಕ್ಕೆ ಮುಖ್ಯ ಕಾರಣ ಅಳತೆಗೋಲು. ಅಮೆರಿಕದವರ ಲೆಕ್ಕ ಬಹಳ ಬಿಗಿ. ಅಲ್ಲದೆ, ಸೋರಿಕೆ ಮರುಕಳಿಸಿದವರೇ ಮುಂದಿನ ತಪಾಸಣೆಗೆ ಹೆಚ್ಚಾಗಿ ಬಂದರು, ಆರಾಮಾಗಿದ್ದವರು ಮನೆಯಲ್ಲೇ ಉಳಿದರು. ಹಾಗಾಗಿ ‘ಸಕ್ಸಸ್ ರೇಟ್ ಎಷ್ಟು’ ಎಂದು ಕೇಳುವುದಕ್ಕಿಂತ ‘ಯಾವುದನ್ನು ಸಕ್ಸಸ್ ಅಂತೀರಿ’ ಎಂದು ಡಾಕ್ಟರನ್ನು ಕೇಳಿ. ಪ್ಯಾಡ್ ಇಲ್ಲದೆ ಮದುವೆ ಮನೆಯಲ್ಲಿ ದಿನ ಕಳೆಯುವುದು ನಿಮ್ಮ ಗುರಿಯಾದರೆ ಟೇಪ್ ಒಳ್ಳೆಯ ದಾರಿ. ಎಂದೆಂದಿಗೂ ಒಂದು ಹನಿಯೂ ಬೀಳಬಾರದು ಎಂದರೆ ಅಂಥ ಭರವಸೆ ಯಾರೂ ಕೊಡಲಾರರು.

‘ಮತ್ತೆ ಶುರುವಾಯಿತು’ ಎನ್ನುವವರಲ್ಲಿ ಅನೇಕರದ್ದು ಹಳೆಯ ಸೋರಿಕೆಯಲ್ಲ. ತಟ್ಟನೆ ಅವಸರವಾಗಿ, ಬಾತ್‌ರೂಮ್ ತಲುಪುವಷ್ಟರಲ್ಲಿ ಆಗಿಬಿಡುವ ಇನ್ನೊಂದು ಬಗೆ. ಅದು ಮೂತ್ರಕೋಶದ ಸ್ನಾಯುವಿನ ತೊಂದರೆ, ವಯಸ್ಸಿನೊಂದಿಗೂ ಬರುತ್ತದೆ, ಕೆಲವರಿಗೆ ಆಪರೇಷನ್ ನಂತರವೇ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಟೇಪ್ ಅದನ್ನು ವಾಸಿಮಾಡಲೆಂದು ಹಾಕುವುದಲ್ಲ. ನಿಮಗೆ ಈಗಲೇ ಅಂಥ ಅವಸರ ಇದ್ದರೆ ಮೊದಲೇ ಹೇಳಿಬಿಡಿ.

ಮೆಶ್, ಅಂದರೆ ದೇಹದೊಳಗೆ ಹಾಕುವ ಪ್ಲಾಸ್ಟಿಕ್ ಜಾಲರಿ, ಎಂದರೆ ಕೆಲವರಿಗೆ ಭಯ. ಟೇಪ್ ಕೂಡ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಮೆಶ್ಶೇ. ಬ್ರಿಟನ್ 2018ರಲ್ಲಿ ಇದರ ಬಳಕೆಗೆ ತಡೆ ಹಾಕಿತು. ಅಮೆರಿಕ 2019ರಲ್ಲಿ ಮಾರಾಟ ನಿಲ್ಲಿಸಿದ್ದು ಅಂಗ ಜಾರುವಿಕೆಗೆ (ಮೂತ್ರಕೋಶದಂಥ ಅಂಗ ಯೋನಿಯ ಕಡೆ ಕೆಳಗಿಳಿಯುವುದಕ್ಕೆ) ಯೋನಿಯ ಮೂಲಕ ಹಾಕುವ ದೊಡ್ಡ ಮೆಶ್ಶನ್ನು, ಈ ಪಟ್ಟಿಯನ್ನಲ್ಲ. ಇಂಗ್ಲೆಂಡಿನ ಸುಮಾರು 95 ಸಾವಿರ ಮಹಿಳೆಯರ ದಾಖಲೆಯಲ್ಲಿ 9 ವರ್ಷದೊಳಗೆ ಟೇಪನ್ನು (ಪೂರ್ತಿಯೋ ಭಾಗಶಃವೋ) ತೆಗೆಸಿಕೊಂಡವರು ಶೇ 3.3, ಸೋರಿಕೆಗೆ ಮತ್ತೆ ಆಪರೇಷನ್ ಮಾಡಿಸಿಕೊಂಡವರು ಶೇ 4.5. ಕಡಿಮೆಯೇ. ಆದರೆ ನೋವಿದ್ದೂ ಆಸ್ಪತ್ರೆಗೆ ಹೋಗದವರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಟೇಪ್ ಒಳಗೆ ಬೆಸೆದುಕೊಂಡ ಮೇಲೆ ಪೂರ್ತಿ ತೆಗೆಯುವುದು ಕಷ್ಟದ ಕೆಲಸ, ಇದನ್ನು ತಿಳಿದೇ ಒಪ್ಪಬೇಕು. ತೊಡೆಯ ಸಂದಿಯ ಮೂಲಕ ಹಾಕುವ ಟೇಪಿನಲ್ಲಿ ಅಲ್ಲಿನ ನೋವು ತುಸು ಹೆಚ್ಚು.

ಮೂತ್ರ ಹಿಡಿದಿಡುವ ತಳದ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮ, ಅಂದರೆ ಫಿಸಿಯೋಥೆರಪಿ, ಮಾಡಿದ್ದೀರಾ ಎಂದು ನೀವು ಬರೆದಿಲ್ಲ. ಯೂಟ್ಯೂಬ್ ನೋಡಿ ನಾಲ್ಕು ದಿನ ಬಿಗಿಹಿಡಿದದ್ದು ಲೆಕ್ಕಕ್ಕಿಲ್ಲ. ತಜ್ಞರು ಪರೀಕ್ಷಿಸಿ ಸರಿಯಾದ ಸ್ನಾಯು ಬಿಗಿಯುತ್ತಿದೆಯೇ ನೋಡಿ, ಮೂರು ತಿಂಗಳು ದಿನವೂ ಮಾಡಬೇಕು. ಒಂದು ಡಚ್ ಅಧ್ಯಯನದಲ್ಲಿ ಹೀಗೆ ವ್ಯಾಯಾಮದಿಂದ ಶುರುಮಾಡಿದವರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷದೊಳಗೆ ಆಪರೇಷನ್‌ಗೆ ಹೋದರು. ಉಳಿದರ್ಧ ಹೋಗಲಿಲ್ಲ. ಆಪರೇಷನ್ ಫಲಿತಾಂಶವೇ ಮೇಲು, ನಿಜ. ಆದರೆ ವ್ಯಾಯಾಮದಿಂದ ಕಳೆದುಕೊಳ್ಳುವುದೇನೂ ಇಲ್ಲ. ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ಗುಣ ಕಾಣುತ್ತದೆ.

ಎರಡನೇ ಅಭಿಪ್ರಾಯ ಬೇಕಿದ್ದರೆ ಯುರೋಗೈನಕಾಲಜಿಸ್ಟ್ (ಮಹಿಳೆಯರ ಮೂತ್ರದ ತೊಂದರೆಗಳ ತಜ್ಞರು) ಹುಡುಕಿ, ಇಲ್ಲವೇ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯುರಾಲಜಿ (ಕಿಡ್ನಿ ಮತ್ತು ಮೂತ್ರಾಂಗ ಚಿಕಿತ್ಸೆಯ) ಸಂಸ್ಥೆಗೆ ಹೋಗಬಹುದು. ಅದಕ್ಕೆ ಮೊದಲು ಮೂರು ದಿನ ಎಷ್ಟು ಕುಡಿದಿರಿ, ಯಾವಾಗ ಹೋದಿರಿ, ಏನು ಮಾಡುವಾಗ ಸೋರಿತು ಎಂದು ಬರೆದಿಟ್ಟುಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ಶೌಚಾಲಯ ಹುಡುಕುವ ಕಷ್ಟಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಟ್ಟಿದ್ದರೆ, ಆ ಮೂರು ದಿನವಾದರೂ ಬಾಯಾರಿದಷ್ಟು ಕುಡಿಯಿರಿ. ಇಲ್ಲದಿದ್ದರೆ ಚೀಟಿಯಲ್ಲಿ ನಿಮ್ಮ ನಿಜವಾದ ತೊಂದರೆ ಕಾಣುವುದೇ ಇಲ್ಲ.