ಮಾತಿಗೆ ಮುಂದೆ, ಲೆಕ್ಕಕ್ಕೆ ಹಿಂದೆ: ಷಂಟ್ ಇರುವ ಮಗುವಿನ ಕಲಿಕೆ

"ಪಟಪಟ ಮಾತಾಡ್ತಾಳೆ, ಬರೆಯೋಕೆ ಮಾತ್ರ ಸೋಮಾರಿತನ." ಹೈಡ್ರೋಸೆಫಾಲಸ್‌ಗೆ (ಮಿದುಳಿನಲ್ಲಿ ದ್ರವ ಹೆಚ್ಚಾಗಿ ತುಂಬಿಕೊಳ್ಳುವ ತೊಂದರೆಗೆ) ಷಂಟ್ (ಆ ದ್ರವವನ್ನು ಬೇರೆಡೆಗೆ ಹರಿಸುವ ಕೊಳವೆ) ಹಾಕಿಸಿಕೊಂಡ ಮಕ್ಕಳ ಬಗ್ಗೆ ಶಾಲೆಗಳಿಂದ ಬರುವ ದೂರು ಹೆಚ್ಚುಕಡಿಮೆ ಇಷ್ಟೇ. ಮಾತಿನ ಅಳತೆಗೋಲಿನಿಂದ ಬರವಣಿಗೆಯನ್ನು ಅಳೆಯುವುದೇ ಇಲ್ಲಿನ ಎಡವಟ್ಟು.

ಮಿದುಳಿನ ಕುಹರಗಳಲ್ಲಿ (ಒಳಗಿನ ಪೊಳ್ಳು ಜಾಗಗಳಲ್ಲಿ) ದ್ರವ ತುಂಬಿ ಅವು ಹಿಗ್ಗಿದಾಗ, ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ನರತಂತುಗಳು ಎಳೆದು ತೆಳುವಾಗುತ್ತವೆ. ಹಿಂಭಾಗಕ್ಕೆ ಪೆಟ್ಟು ಹೆಚ್ಚು. ಯಾವುದು ಎಲ್ಲಿದೆ, ಯಾವ ದಿಕ್ಕಿಗಿದೆ, ಎಷ್ಟು ದೂರದಲ್ಲಿದೆ ಎಂದು ಕಣ್ಣಳತೆಯಲ್ಲಿ ಗ್ರಹಿಸುವ ಕೆಲಸ ನಡೆಯುವುದು ಅಲ್ಲೇ. ಪದಸಂಪತ್ತು, ವಾಕ್ಯರಚನೆ ಮಾತ್ರ ಬಹಳಷ್ಟು ಮಕ್ಕಳಲ್ಲಿ ಚೆನ್ನಾಗಿಯೇ ಉಳಿಯುತ್ತವೆ. ಷಂಟ್ ಒತ್ತಡ ಇಳಿಸುತ್ತದೆ. ಆಗಲೇ ಆದ ಹಾನಿಯನ್ನೆಲ್ಲ ಅದು ತುಂಬಿಕೊಡಲಾರದು. ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದಲ್ಲ; ಅವಧಿಗೆ ಮುನ್ನ ಹುಟ್ಟಿ ಮಿದುಳಲ್ಲಿ ರಕ್ತಸ್ರಾವವಾದ ಮಗು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಆದ ಮಗು, ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ) ಇರುವ ಮಗು ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ಬುದ್ಧಿಮಟ್ಟದ ಪರೀಕ್ಷೆ ಮಾಡಿಸಿದಾಗ ಒಟ್ಟು ಅಂಕವೊಂದನ್ನೇ ತರಬೇಡಿ. ಮಾತಿನ ಭಾಗ, ಕೈಕೆಲಸದ ಭಾಗ, ವೇಗ ಇವುಗಳ ಅಂಕಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಸರಾಸರಿಯಲ್ಲಿ ಇಡೀ ತೊಂದರೆಯೇ ಮುಚ್ಚಿಹೋಗಬಹುದು.

ಕಷ್ಟ ಹೆಚ್ಚು ಕಾಣುವುದು ಹಾಳೆಯ ಮೇಲೆ. ಮಗ್ಗಿ ಬಾಯಿಗೆ ಬರುತ್ತದೆ, ಆದರೆ 304ರಿಂದ 87 ಕಳೆಯುವಾಗ ಬಿಡಿ, ಹತ್ತು, ನೂರರ ಸಾಲು ಜಾರಿ ಉತ್ತರ ತಪ್ಪುತ್ತದೆ. ಒಂದು ಚೌಕಕ್ಕೆ ಒಂದೇ ಅಂಕಿ ಬರುವಂತೆ ದೊಡ್ಡ ಚೌಕಳಿ ಹಾಳೆ ಕೊಡಿ, ಪುಟಕ್ಕೆ ನಾಲ್ಕೇ ಲೆಕ್ಕ ಸಾಕು. ಕನ್ನಡ ಬರವಣಿಗೆಯೂ ಸುಲಭವಲ್ಲ: ಒತ್ತಕ್ಷರ ಕೆಳಗೆ ಕೂರಬೇಕು, ಅರ್ಕಾವೊತ್ತನ್ನು ಮೊದಲು ಓದಿ ನಂತರ ಬರೆಯಬೇಕು, ವ-ಪ-ಮಗಳ ವ್ಯತ್ಯಾಸ ಒಂದು ಸಣ್ಣ ಗೆರೆಯಲ್ಲಿದೆ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಅಚ್ಚು ಮಾಡಿದ ಹಾಳೆಯನ್ನು ಪಕ್ಕದಲ್ಲಿಡಿ. ಕಾಪಿ ಬರೆಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯನ್ನಂತೂ ಬಿಡಿ. ಕೈ ಸೋಲುತ್ತದೆ ಅಷ್ಟೆ.

ಓದಿನಲ್ಲೂ ಮೋಸವಿದೆ. ಪಾಠವನ್ನು ನಿರರ್ಗಳವಾಗಿ ಓದುವ ಮಗು "ಅವನು ಹಾಗೇಕೆ ಮಾಡಿದ?" ಎಂದರೆ ತಡವರಿಸಬಹುದು. ಪ್ರತಿ ಪ್ಯಾರಾಕ್ಕೊಮ್ಮೆ ನಿಲ್ಲಿಸಿ ಕೇಳಿ. ಕೆಲಸ ಶುರು ಮಾಡುವುದೂ ಕಷ್ಟ: "ಹೋಂವರ್ಕ್ ಮಾಡು" ಎಂದರೆ ಪುಸ್ತಕ ಬಿಚ್ಚಿಕೊಂಡು ಸುಮ್ಮನೆ ಕೂರುವ ಮಗು "ಮೊದಲ ಪ್ರಶ್ನೆ ಓದು, ಈಗ ಉತ್ತರ ಹೇಳು, ಈಗ ಬರಿ" ಎಂದರೆ ಮಾಡುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪರೀಕ್ಷೆಗೆ ಲಿಪಿಕಾರರು (ಮಗು ಹೇಳಿದ ಉತ್ತರ ಬರೆದುಕೊಡುವವರು), ಹೆಚ್ಚುವರಿ ಸಮಯ ಇವಕ್ಕೆ ಅವಕಾಶವಿದೆ. ಇದಕ್ಕೆ ಬೇಕಾದ ದಾಖಲೆಗಳನ್ನು ಎಸ್ಸೆಸ್ಸೆಲ್ಸಿ ವರ್ಷಕ್ಕೆ ಉಳಿಸಿಕೊಳ್ಳದೆ ಒಂಬತ್ತನೇ ತರಗತಿಯಲ್ಲೇ ಸಿದ್ಧಮಾಡಿ.

ಇಷ್ಟರವರೆಗಿನದು ನಿಧಾನಕ್ಕೆ ಸರಿಪಡಿಸುವ ಮಾತು. ಆದರೆ ನೆಟ್ಟಗೆ ಕಲಿಯುತ್ತಿದ್ದ ಮಗು ಕೆಲವೇ ವಾರಗಳಲ್ಲಿ ಹಿಂದೆ ಬಿದ್ದರೆ ಅದನ್ನು ಕಲಿಕೆಯ ತೊಂದರೆ ಎಂದುಕೊಳ್ಳಬೇಡಿ, ಮೊದಲು ಷಂಟ್ ತೋರಿಸಿ. ಮಕ್ಕಳಿಗೆ ಹಾಕಿದ ಷಂಟ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಎರಡು ವರ್ಷದೊಳಗೆ ಕೆಡುತ್ತವೆ. ಕೊಳವೆ ಕಟ್ಟಿಕೊಳ್ಳುವುದೇ ಮುಖ್ಯ ಕಾರಣ. ಬೆಳಗಿನ ತಲೆನೋವು, ವಾಂತಿ, ಎಬ್ಬಿಸಿದರೂ ಮಂಪರು, ಎರಡೆರಡಾಗಿ ಕಾಣುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ನಿಧಾನವಾಗಿ ಕಟ್ಟಿಕೊಂಡಾಗ ಇವು ಯಾವುವೂ ಇರದೆ, ಅಕ್ಷರ ಕೆಟ್ಟು ಅಂಕ ಇಳಿದು ಸಿಡುಕು ಹೆಚ್ಚುವುದಷ್ಟೇ ಕಾಣಬಹುದು. ಅದಕ್ಕೇ ತಿಂಗಳಿಗೊಂದು ಪುಟ ಬರಹವನ್ನು ತಾರೀಖು ಹಾಕಿ ತೆಗೆದಿಡಿ, ಮಗು ಚೆನ್ನಾಗಿದ್ದಾಗಿನ ಸ್ಕ್ಯಾನ್ ಸಿ.ಡಿ.ಯೂ ಮನೆಯಲ್ಲಿರಲಿ, ಹಳೆಯದರ ಪಕ್ಕ ಇಟ್ಟು ನೋಡದೆ ಹೊಸ ಸ್ಕ್ಯಾನ್ ಓದುವುದು ಕಷ್ಟ. ಕೆಲವು ಮಕ್ಕಳಲ್ಲಿ ಷಂಟ್ ಕಟ್ಟಿದರೂ ಕುಹರಗಳು ಹಿಗ್ಗುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದಮೇಲೂ ಲಕ್ಷಣಗಳು ಮುಂದುವರಿದರೆ ನ್ಯೂರೋಸರ್ಜನ್ ಬಳಿಗೆ ಮತ್ತೆ ಹೋಗಿ, ಬರಹದ ಪುಟಗಳನ್ನೂ ಜೊತೆಗೆ ಒಯ್ಯಿರಿ.